ಆ 20 ನಿಮಿಷ ಸಿಪ್ಪೆಗೆ ಕೊಡಿ, ಸೀಗಡಿಗಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಮೂರು ವಾರದ ಹಿಂದೆ ಬಂದಿತ್ತಲ್ಲ ಸೀಗಡಿ ಸಾರಿನ ರೆಸಿಪಿ, ಅದರ ಬಗ್ಗೆ ಈ ಪತ್ರ. ಉದ್ದ ಆಗತ್ತೆ, ಕತ್ತರಿ ಹಾಕೋದಾದ್ರೆ ಹಾಕಿ, ಆದ್ರೆ ನಿಮಿಷದ ಲೆಕ್ಕ ಇರೋ ಸಾಲುಗಳಿಗೆ ಮಾತ್ರ ಕೈ ಹಾಕ್ಬೇಡಿ.

ಅದ್ರಲ್ಲಿ ಏನಂತ ಇತ್ತು ಅಂದ್ರೆ, ಸೀಗಡಿನ ಮಸಾಲೆ ಜೊತೆ ಹಾಕಿ ಚೆನ್ನಾಗಿ ಬೇಯುವವರೆಗೆ 20 ನಿಮಿಷ ಕುದಿಸಿ ಅಂತ. ನಾನೇನು ಅಡುಗೆಗೆ ಹೊಸಬಳಲ್ಲ, ಇದೇ ಕೋಲಾರದಲ್ಲಿ 30 ವರ್ಷದಿಂದ ಒಲೆ ಮುಂದೆ ನಿಂತಿದ್ದೀನಿ, ಆದ್ರೂ ಪೇಪರಲ್ಲಿ ಅಚ್ಚಾಗಿದೆ ಅಂದ್ರೆ ಒಂದು ಮರ್ಯಾದೆ ಇರತ್ತಲ್ಲ, ಹಾಗೇ ಮಾಡ್ದೆ. ಅವತ್ತೇ ಬೀಗರು ಬಂದಿದ್ರು. ಸಾರಿನ ಬಣ್ಣ ನೋಡಿದ್ರೆ ಕಣ್ಣಿಗೆ ಹಬ್ಬ, ವಾಸನೆ ಗೇಟಿನ ತನಕ ಹೋಗಿತ್ತಂತೆ, ಆದ್ರೆ ಬೀಗರು ಒಂದು ಸೀಗಡಿ ಬಾಯಿಗೆ ಹಾಕ್ಕೊಂಡವರು ಅಗೀತಾ ಅಗೀತಾ ಮಾತೇ ನಿಲ್ಲಿಸಿಬಿಟ್ರು. ಬೀಗಿತಿ ಪಾಪ ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ಇದ್ರು, ಆಮೇಲೆ ತಟ್ಟೆ ಎತ್ತೋವಾಗ ಅಂಚಲ್ಲಿ ಏಳೆಂಟು ಸೀಗಡಿ ಸಾಲಾಗಿ ಕೂತಿದ್ವು. ಅದ್ರಲ್ಲೊಂದು ಕೆಳಗೆ ಬಿತ್ತು, ನಮ್ಮ ಮೊಮ್ಮಗ "ಅಜ್ಜೀ ಇದು ಎಗರ್ತು" ಅಂದ. ಎಲ್ಲರ ಮುಂದೇನೇ ಅಂದ.

ಈಗ ತಪ್ಪೆಲ್ಲ ನಿಮ್ಮ ಪೇಪರ್ ಮೇಲೆ ಹಾಕಿ ಕೈ ತೊಳ್ಕೊಳಲ್ಲ. ಅರ್ಧ ತಪ್ಪು ನಮ್ಮ ಬಯಲುಸೀಮೆಯವರ ಅಭ್ಯಾಸದ್ದು. ನಮ್ಮ ಕಡೆ ಸೀಗಡಿ ಅಂದ್ರೆ ಮೊದ್ಲಿಂದ ಒಣ ಸೀಗಡಿನೇ. ನಾನು ಚಿಕ್ಕವಳಿದ್ದಾಗ ಸಂತೇಲಿ ಗೋಣಿ ತಾಟಿನ ಮೇಲೆ ಗುಡ್ಡೆ ಹಾಕಿರೋರು, ಅಳತೆ ಡಬ್ಬೀಲಿ ಅಳೆದು ಕೊಡೋರು, ನಮ್ಮಮ್ಮ ಅದನ್ನ ಕಬ್ಬಿಣದ ಹೆಂಚಲ್ಲಿ ಗರಿಗರಿ ಹುರಿದು, ಮೊರದಲ್ಲಿ ಹಾಕಿ ಅಂಗೈಲಿ ತಿಕ್ಕಿ ತಲೆ ಮೀಸೆ ಕಾಲು ಎಲ್ಲ ಕೇರಿ ಬಿಸಾಕಿ, ನೀರಲ್ಲಿ ನೆನೆಹಾಕಿ, ಆಮೇಲೆ ಬದನೆಕಾಯಿ ಜೊತೆಗೋ ಅವರೆಕಾಳು ಜೊತೆಗೋ ಸೌದೆ ಒಲೆ ಮೇಲೆ ಇಟ್ಬಿಟ್ರೆ ಅದು ಮುಕ್ಕಾಲು ಗಂಟೆ ಕುದಿದ್ರೂ ಏನೂ ಆಗ್ತಿರ್ಲಿಲ್ಲ, ಕುದ್ದಷ್ಟೂ ರುಚಿ ಸಾರಿಗೆ ಇಳಿಯೋದು, ಮುದ್ದೆಗೆ ಅದರ ಮುಂದೆ ಇನ್ನೊಂದಿಲ್ಲ. ಯಾಕೆ ಆಗ್ತಿರ್ಲಿಲ್ಲ ಅಂದ್ರೆ ಒಣ ಸೀಗಡೀಲಿ ನೀರು ಮೊದ್ಲೇ ಹೋಗಿರತ್ತೆ, ಕುದಿಯೋದು ಅಂದ್ರೆ ಅದಕ್ಕೆ ಮತ್ತೆ ನೀರು ಕುಡಿಯೋದು ಅಷ್ಟೆ. ಹಸಿ ಸೀಗಡಿ ಕಥೆ ಉಲ್ಟಾ, ಅದರ ಮೈಯಲ್ಲಿ ತುಂಬ್ಕೊಂಡಿರೋದೇ ನೀರು, ಕುದಿಸ್ತಾ ಹೋದ್ರೆ ಅದು ಹೊರಗೆ ಬರತ್ತೆ, ಉಳಿಯೋದು ಸೈಕಲ್ ಟ್ಯೂಬು. ನಾವು ಒಣದಕ್ಕೆ ಮಾಡ್ತಿದ್ದ ಅಡುಗೇನ ಹಸಿದಕ್ಕೆ ಮಾಡ್ತಿದ್ದೀವಿ, ಇಲ್ಲ ಅಂದ್ರೆ ಮಟನ್‌ಗೆ ಮಾಡೋದನ್ನ ಮಾಡ್ತಿದ್ದೀವಿ. ನಮ್ಮ ಓರಗಿತ್ತಿ ಕುಕ್ಕರಲ್ಲಿ ಮೂರು ವಿಷಲ್ ಕೂಗಿಸ್ತಾಳೆ, ಸೀಗಡಿಗೆ! ಹೇಳಿದ್ರೆ "ಬೇಯ್ಬೇಡ್ವಾ ಅಕ್ಕಾ" ಅಂತಾಳೆ.

ಹಸಿ ಸೀಗಡಿ ನಮ್ಮೂರಿಗೆ ಬರೋದು ಎಲ್ಲಿಂದ ಅಂತ ಬೆಂಗಳೂರಿನ ಓದುಗರಿಗೆ ಗೊತ್ತಿರ್ಲಿಕ್ಕಿಲ್ಲ. ಸಮುದ್ರ ಅಂದ ತಕ್ಷಣ ಎಲ್ಲಾರೂ ಮಂಗಳೂರು ಅಂತಾರೆ, ನಮಗೆ ಮಂಗಳೂರಿಗಿಂತ ನೆಲ್ಲೂರು ಹತ್ತಿರ. ನಮ್ಮ ಬೀದಿ ಕೊನೇ ಮನೆ ಹುಡುಗ ಟೊಮೇಟೊ ಲೋಡ್ ಹೊಡೀತಾನೆ, ಇಲ್ಲಿ ಎಪಿಎಂಸೀಲಿ ಕ್ರೇಟ್ ತುಂಬ್ಕೊಂಡು ಮುಳಬಾಗಿಲು ಮೇಲೆ ಆಂಧ್ರಕ್ಕೆ ಇಳೀತಾನೆ, ವಾಪಸ್ ಬರೋವಾಗ ಥರ್ಮಾಕೋಲ್ ಡಬ್ಬೀಲಿ ಐಸ್ ಹಾಕಿ ಬೀದಿಯವರಿಗೆಲ್ಲ ಸೀಗಡಿ ತರ್ತಾನೆ. ನಮ್ಮತ್ತೆ ಶ್ರೀನಿವಾಸಪುರದ ಕಡೆಯವರು, ಅವರ ಬಾಯಲ್ಲಿ ಇವತ್ತಿಗೂ ಅದು ರೊಯ್ಯಲು. ಕೆಜಿಎಫ್ ಕಡೆ ತಮಿಳಿನವರು ಎರಾ ಅಂತಾರೆ. ಸಮುದ್ರ ಇಲ್ಲದ ಜಿಲ್ಲೆ, ಹೆಸರು ನೋಡಿ ಎಷ್ಟು.

ಆ ಹುಡುಗ ತರೋದು ಹೆಚ್ಚಾಗಿ ವನ್ನಾಮಿ, ಅಂದ್ರೆ ಸಮುದ್ರದಲ್ಲಿ ಬಲೆ ಹಾಕಿ ಹಿಡಿದಿದ್ದಲ್ಲ, ಹೊಂಡದಲ್ಲಿ ಸಾಕಿದ್ದು. ಇದರ ತವರು ಅಮೆರಿಕ ಖಂಡದ ಪೆಸಿಫಿಕ್ ತೀರ, ನಮ್ಮ ದೇಶದಲ್ಲಿ 2009ರಲ್ಲಿ ಸಾಕೋಕೆ ಒಪ್ಪಿಗೆ ಕೊಟ್ರು. ಅದಕ್ಕೆ ಮುಂಚೆ ಆಂಧ್ರದವರು ಪಟ್ಟೆ ಪಟ್ಟೆ ಇರೋ ಟೈಗರ್ ಸೀಗಡಿ ಸಾಕ್ತಿದ್ರು, ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ವೈರಸ್ ಬಂದು ಅದು ನೆಲ ಕಚ್ತು. ಈಗ ಬೆಳೆಯೋದ್ರಲ್ಲಿ ಬಹುಪಾಲು ಹೊರದೇಶಕ್ಕೇ ಹೋಗತ್ತೆ, 2025ರ ಆಗಸ್ಟಲ್ಲಿ ಅಮೆರಿಕದವರು ನಮ್ಮ ಸರಕಿನ ಮೇಲೆ ಸುಂಕ ಶೇ 50ಕ್ಕೆ ಏರಿಸಿದಾಗ ಸೀಗಡಿ ಬೆಳೆಯೋರು ಕಂಗಾಲಾಗಿದ್ದು ಪೇಪರಲ್ಲೆಲ್ಲ ಬಂದಿತ್ತು. ಟೊಮೇಟೊ ರೇಟ್ ಬಿದ್ದಾಗ ರಸ್ತೇಗೆ ಸುರಿಯೋದನ್ನ ನೋಡಿರೋ ಊರು ನಮ್ದು, ಆ ಸಂಕಟ ಅರ್ಥ ಆಗತ್ತೆ. ಅಷ್ಟು ದೂರ ಹೋಗೋ ಮಾಲು ಪಕ್ಕದ ರಾಜ್ಯದಿಂದ ನಮ್ಮ ಮನೇ ಬಾಗಿಲಿಗೆ ಬಂದಾಗ ನಾವು ಅದನ್ನ ರಬ್ಬರ್ ಮಾಡಿ ಬಿಸಾಕ್ತೀವಿ, ಅದೇ ನನ್ನ ಹೊಟ್ಟೆಉರಿ.

ಬೀಗರು ಹೋದ ಮೇಲೆ ನನಗೆ ನಿದ್ದೆ ಹತ್ಲಿಲ್ಲ ಅಂದ್ರೂ ಸರಿನೇ. ಮುಂದಿನ ಭಾನುವಾರ ಆ ಹುಡುಗನ ಹತ್ರ ಬರೀ ಕಾಲು ಕೆಜಿ ತಗೊಂಡೆ, ಮಧ್ಯಮ ಸೈಜಿಂದು, ತಲೆ ಸಮೇತ ಕೆಜಿಗೆ ನಲವತ್ತು ಚಿಲ್ಲರೆ ಬರೋ ಅಂಥದ್ದು. ಸುಲಿದು, ಉಪ್ಪು ಅರಿಶಿನ ಬಿಟ್ಟು ಇನ್ನೇನೂ ಹಾಕ್ದೆ, ದೋಸೆ ಕಲ್ಲು ಚೆನ್ನಾಗಿ ಕಾಯಿಸಿ, ಗೋಡೆ ಗಡಿಯಾರ ನೋಡ್ಕೊಂಡು ಎರಡೆರಡೇ ಹಾಕಿ ತೆಗೀತಾ ಹೋದೆ. ಮನೆಯವರು ಪೇಪರ್ ಓದ್ತಾ ಕೂತಿದ್ದವರು ಇವಳಿಗೇನಾಯ್ತು ಅಂತ ಎದ್ದು ಬಂದ್ರು, ಬಂದವರು ತಿನ್ನೋ ಕೆಲಸಕ್ಕೆ ನಿಂತ್ರು.

ಒಂದು ನಿಮಿಷಕ್ಕೆ ತೆಗೆದಿದ್ದು ಹೊರಗೆ ಕೆಂಪಾಗಿತ್ತು, ಮುರಿದ್ರೆ ಮಧ್ಯ ಇನ್ನೂ ಗಾಜಿನ ಥರ ಹಸಿ. ಮೂರು ನಿಮಿಷಕ್ಕೆ, ಅಂದ್ರೆ ಒಂದೊಂದು ಮಗ್ಗುಲು ಒಂದೂವರೆ ನಿಮಿಷ, ಒಳಗೂ ಹಾಲು ಬಿಳುಪು, ಕಚ್ಚಿದ್ರೆ ಪಟ್ ಅಂತ ಮುರಿದು ರಸ ಬರತ್ತೆ, ಸಿಹಿ. ಮನೆಯವರು ಇನ್ನೆರಡು ಇಂಥದ್ದೇ ಮಾಡು ಅಂದ್ರು. ಐದು ನಿಮಿಷದ್ದು ತಿನ್ಬೋದು ಆದ್ರೆ ಬಿಗಿ. ಹತ್ತಕ್ಕೆ ಸೈಜೇ ಕಮ್ಮಿ ಆಗಿತ್ತು. ಇಪ್ಪತ್ತಕ್ಕೆ, ಕಲ್ಲ ಮೇಲೆ ಸುಟ್ಟುಹೋಗತ್ತೆ ಅಂತ ಪಕ್ಕದಲ್ಲಿ ನೀರು ಕುದಿಯೋಕೆ ಇಟ್ಟು ಅದ್ರಲ್ಲಿ ಬಿಟ್ಟಿದ್ದೆ, ಬೀಗರಿಗೆ ಬಡಿಸಿದ್ದು ಇದೇ ಅಂತ ನೋಡಿದ ಕೂಡ್ಲೆ ಗೊತ್ತಾಯ್ತು. ದೊಡ್ಡ ಸೀಗಡಿ ಆದ್ರೆ ಕಲ್ಲ ಮೇಲೆ ಮಗ್ಗುಲಿಗೆ ಎರಡು ನಿಮಿಷ ಬೇಕಾಗತ್ತೆ, ಸಾರಲ್ಲಾದ್ರೆ ಮೂರ್ನಾಲ್ಕು ನಿಮಿಷ, ಅದಕ್ಕಿಂತ ಮೇಲೆ ಬೇಡ.

ಮಟನ್ ಯಾಕೆ ಬೆಂದಷ್ಟೂ ಮೆತ್ತಗಾಗತ್ತೆ, ಇದ್ಯಾಕೆ ಆಗಲ್ಲ ಅಂತ ಓರಗಿತ್ತಿ ಕೇಳಿದ್ಲು, ಒಳ್ಳೇ ಪ್ರಶ್ನೆನೇ. ಕುರಿ ಓಡಾಡಿ ಮೇದಿರೋ ಪ್ರಾಣಿ, ಅದರ ಮಾಂಸದ ಎಳೆಗಳ ಮಧ್ಯ ಕೊಲಾಜನ್ ಅಂತ ಗಟ್ಟಿ ನಾರು ಇರತ್ತೆ, ಗಂಟೆಗಟ್ಟಲೆ ಬೇಯಿಸಿದ್ರೆ ಅದು ಕರಗಿ ಜೆಲಾಟಿನ್ ಆಗತ್ತೆ, ಕಾಲು ಸೂಪು ಅಂಟು ಅಂಟಾಗಿರೋದು ಅದಕ್ಕೇನೆ. ಸೀಗಡೀಲಿ ಹಾಗೆ ಕರಗೋಕೆ ಹೆಚ್ಚೇನೂ ಇಲ್ಲ, ಬಿಸಿ ತಾಗಿದಂಗೆ ಪ್ರೋಟೀನ್ ಸುರುಟ್ಕೊಂಡು ನೀರು ಹಿಂಡ್ತಾ ಹೋಗತ್ತೆ. ಕೆಂಪಾಗೋದಕ್ಕೂ ಬೇಯೋದಕ್ಕೂ ಸಂಬಂಧ ಪೂರ್ತಿ ಇಲ್ಲ, ಅಸ್ಟಾಕ್ಸಾಂಥಿನ್ ಅನ್ನೋ ಕೆಂಪು ಬಣ್ಣ ಮೊದ್ಲಿಂದ ಅದರೊಳಗೇ ಇರತ್ತೆ, ಒಂದು ಪ್ರೋಟೀನ್ ಅದನ್ನ ಹಿಡಿದಿಟ್ಟಿರತ್ತೆ, ಅದಕ್ಕೇ ಹಸಿ ಇದ್ದಾಗ ಬೂದು ಬಣ್ಣ, ಬಿಸಿಗೆ ಆ ಹಿಡಿತ ಬಿಟ್ಹೋಗಿ ಕೆಂಪು ಕಾಣತ್ತೆ. ಏಡಿನೂ ಹಾಗೇ. ಅದಕ್ಕೆ ಬಣ್ಣ ಒಂದೇ ನಂಬ್ಕೋಬೇಡಿ, ತಲೆ ಕಡೆ ದಪ್ಪಗಿರೋ ಜಾಗ ಬಿಳಿ ಆಯ್ತಾ ನೋಡಿ. ಆಕಾರನೂ ಹೇಳತ್ತೆ. ಅರ್ಧ ಚಂದ್ರನ ಥರ ಬಾಗಿದ್ರೆ ಆಗಿದೆ, ಚಕ್ಕುಲಿ ಥರ ಸುತ್ಕೊಂಡ್ರೆ ಕೈ ಮೀರಿದೆ.

ಇನ್ನು ತೊಳೆಯೋ ವಿಷಯ, ಒಲೆ ವಿಷಯ. ನಿಮ್ಮ ರೆಸಿಪೀಲಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ ಅಂತ ಬರೆದವರು ಯಾವತ್ತೂ ಕೋಲಾರದಲ್ಲಿ ಬೇಸಿಗೆ ಕಳೆದವರಲ್ಲ. ಟ್ಯಾಂಕರ್ ನೀರಿಗೆ ಫೋನ್ ಮಾಡಿ ಕಾಯೋ ಮನೇಲಿ ನಲ್ಲಿ ಬಿಟ್ಕೊಂಡು ಯಾರು ತೊಳೀತಾರೆ, ಪಾತ್ರೇಲಿ ಕಲ್ಲುಪ್ಪು ಹಾಕಿ ಮೂರು ನೀರು ಸಾಕು, ಜಾಸ್ತಿ ತೊಳೆದ್ರೆ ರುಚಿನೂ ಹೋಗತ್ತೆ. ಬೆನ್ನ ಮೇಲೆ ಚಾಕು ಆಡ್ಸಿ ಕಪ್ಪು ದಾರ ತೆಗೀತೀವಲ್ಲ, ನರ ಅಂತೀವಿ, ಅದು ನರ ಅಲ್ಲ ಕರುಳು, ಇದ್ರೆ ಮರಳು ಮರಳು ಹಲ್ಲಿಗೆ ಸಿಗತ್ತೆ. ತೊಳೆದ ಮೇಲೆ ಮಾಡ್ಬೇಕಾದ ಕೆಲಸ ಯಾವ ರೆಸಿಪೀಲೂ ಬರೆಯಲ್ಲ. ಒಣ ಬಟ್ಟೇಲಿ ಒರೆಸ್ಬೇಕು. ಒದ್ದೆ ಸೀಗಡಿ ಬಾಣಲೆಗೆ ಬಿದ್ರೆ ಬಿಸಿಯೆಲ್ಲ ಆ ನೀರನ್ನ ಆವಿ ಮಾಡೋದ್ರಲ್ಲೇ ಖರ್ಚಾಗಿ ಸೀಗಡಿ ಹುರಿಯೋ ಬದ್ಲು ಬೇಯೋಕೆ ಶುರು ಆಗತ್ತೆ, ಒಂದೇ ಸಲ ಅರ್ಧ ಕೆಜಿ ಸುರಿದ್ರೂ ಅಷ್ಟೆ, ಬಾಣಲೆ ತಣ್ಣಗಾಗಿ ನೀರು ಬಿಟ್ಕೊಂಡು ಕೊಳ ಆಗತ್ತೆ, ಆ ನೀರು ಇಂಗ್ಲಿ ಅಂತ ಕಾಯ್ತಾ ನಿಂತ್ರೆ ಅಷ್ಟೊತ್ತಿಗೆ ನನ್ನ ಹತ್ತು ನಿಮಿಷದ ಸೀಗಡಿ ರೆಡಿ. ಒಂದಕ್ಕೊಂದು ತಾಗದ ಹಾಗೆ ಎರಡು ಮೂರು ಕಂತಲ್ಲಿ ಹಾಕಿ, ಉರಿ ಜೋರಾಗೇ ಇರ್ಲಿ, ಸುಮ್ಸುಮ್ನೆ ಸೌಟಾಡಿಸ್ಬೇಡಿ. ಕಬ್ಬಿಣದ ಕಲ್ಲು ಇದ್ರೆ ಅದೇ ಒಳ್ಳೇದು, ಬಿಸಿ ಹಿಡ್ಕೊಂಡಿರತ್ತೆ. ಬೆಳ್ಳುಳ್ಳಿ ಕರಿಬೇವು ಮೆಣಸಿನ ಪುಡಿ ಎಲ್ಲ ಮೊದ್ಲೇ ಎಣ್ಣೇಲಿ ಹುರಿದು ಪಕ್ಕಕ್ಕಿಟ್ಕೊಂಡು, ಸೀಗಡಿ ಆದ ತಕ್ಷಣ ಮೇಲೆ ಹಾಕಿ ಒಂದು ಸಲ ತಿರುವಿ ಇಳಿಸಿಬಿಡಿ.

ಈಗ ಆ 20 ನಿಮಿಷಕ್ಕೆ ಬರ್ತೀನಿ. ಅದು ಬೇಕೇ ಬೇಕು ಅಂದ್ರೆ ಸಿಪ್ಪೆಗೆ ಕೊಡಿ. ತಲೆ ಸಮೇತ ಒಂದು ಕೆಜಿ ತಂದ್ರೆ ಸುಲಿದ ಮೇಲೆ ಕೈಗೆ ಸಿಗೋದು ಅರ್ಧ ಕೆಜಿ ಆಸುಪಾಸು, ಮಿಕ್ಕ ಅರ್ಧ ದುಡ್ಡು ನಾವು ಬೀದಿ ಬೆಕ್ಕಿಗೆ ಹಾಕ್ತಿದ್ವಿ. ಬೆಕ್ಕಿಗೂ ಹಾಕ್ಬೇಕು, ಬೇಡ ಅನ್ನಲ್ಲ, ಆದ್ರೆ ಮೊದ್ಲು ಸಾರಿಗೆ ಬಳಸ್ಕೊಂಡು ಆಮೇಲೆ. ತಲೆ ಸಿಪ್ಪೆ ಎರಡನ್ನೂ ತೊಳೆದು ಸ್ವಲ್ಪ ಎಣ್ಣೇಲಿ ಈರುಳ್ಳಿ ಜೊತೆ ಕೆಂಪಗೆ ಹುರಿದ್ರೆ ಎಣ್ಣೆ ಬಣ್ಣನೇ ಬದಲಾಗತ್ತೆ, ಆಗ ಮೂರು ಲೋಟ ನೀರು ಹಾಕಿ 20 ನಿಮಿಷ ಕುದಿಸಿ ಸೋಸ್ಕೊಳಿ. ಸೀಗಡಿ ಸಾರಿನ ರುಚಿ ಅಂತ ನಾವೇನು ಹುಡುಕ್ತೀವೋ ಅದರ ಬಹುಪಾಲು ಈ ನೀರಲ್ಲಿದೆ. ಇದು ತಿಳಿಯೋಕೆ ನನಗೆ 30 ವರ್ಷ ಬೇಕಾಯ್ತು.

ಆ ನೀರಲ್ಲೇ ಸಾರು ಮಾಡಿ. ಈರುಳ್ಳಿ ಬೆಳ್ಳುಳ್ಳಿ ಕೊತ್ತಂಬರಿ ಬೀಜ ಬ್ಯಾಡಗಿ ಮೆಣಸಿನಕಾಯಿ ಹುರಿದು ಕಾಯಿ ಜೊತೆ ರುಬ್ಬಿದ ಮಸಾಲೆ, ನಾಲ್ಕು ಹಣ್ಣು ಟೊಮೇಟೊ, ಕೋಲಾರದಲ್ಲಿ ಟೊಮೇಟೊಗೆ ಜಿಪುಣತನ ಮಾಡಿದ್ರೆ ದೇವರು ಮೆಚ್ಚಲ್ಲ, ಹುಣಸೆ ರಸ ಸ್ವಲ್ಪ ಕಮ್ಮಿ. ಬದನೆಕಾಯಿ ಹಾಕೋರು ಈಗ್ಲೇ ಹಾಕಿ, ಡಿಸೆಂಬರ್ ಜನವರಿ ಆದ್ರೆ ಹಿತಕಿದ ಬೇಳೆನೂ ಈಗ್ಲೇ. ಹಸಿ ವಾಸನೆ ಹೋಗಿ ಎಣ್ಣೆ ಮೇಲೆ ತೇಲಿ, ಉಪ್ಪು ಹುಳಿ ಖಾರ ನೋಡಿ ಸಾರು ಆಯ್ತು ಇನ್ನು ಬಡಿಸ್ಬೋದು ಅನ್ನೋ ಹಂತಕ್ಕೆ ಬಂದ ಮೇಲೆ, ಮುದ್ದೆ ಕಟ್ಟಿ ತಟ್ಟೆ ಹಾಕಿ ಎಲ್ಲರನ್ನೂ ಕೂತ್ಕೊಳಿ ಅಂತ ಕರೆದು, ಆಮೇಲೆ ಸೀಗಡಿ ಹಾಕಿ. ಮೂರು ನಿಮಿಷ. ಮಣ್ಣಿನ ಮಡಕೇಲಿ ಮಾಡೋರು ಎರಡಕ್ಕೇ ಒಲೆ ಆರಿಸಿ, ಮಡಕೆ ಒಲೆ ಆರಿದ ಮೇಲೂ ಕುದೀತಾನೇ ಇರತ್ತೆ. ಮೀನ್ ಸಾರು ಮಾರನೇ ದಿನಕ್ಕೇ ರುಚಿ ಅಂತ ನಮ್ಮ ಕಡೆ ಒಂದು ಮಾತಿದೆ, ಇಲ್ಲೂ ಸಾರು ಮಾರನೇ ದಿನಕ್ಕೆ ಕೂಡತ್ತೆ, ಸೀಗಡಿ ಮಾತ್ರ ಮತ್ತೆ ಕುದಿಸಿದ್ರೆ ಕೆಟ್ಟೋಗತ್ತೆ. ಇವತ್ತೇ ತಿಂದು ಮುಗಿಸಿ. ಮಿಕ್ಕಿದ್ರೆ ಸೀಗಡಿ ಸಾರು ಬೇರೆ ಬೇರೆ ಮಾಡಿ ಫ್ರಿಜ್ಜಲ್ಲಿಟ್ಟು, ಮಾರನೇ ದಿನ ಸಾರು ಚೆನ್ನಾಗಿ ಕುದಿಸಿ ಕೊನೇಲಿ ಅದನ್ನ ಹಾಕಿ ಬಿಸಿ ಏರೋವರ್ಗೆ ಮಾತ್ರ ಇಡಿ.

ಎಲ್ಲರ ಬೀದೀಲೂ ಟೊಮೇಟೊ ಲಾರಿ ಹುಡುಗ ಇರಲ್ಲ, ಫ್ರೋಜನ್ ಪ್ಯಾಕೆಟ್ ತರೋರೇ ಜಾಸ್ತಿ. ಪ್ಯಾಕೆಟ್ ಸೀಗಡಿ ಒಣಗ್ದಿರ್ಲಿ ಅಂತ ಮೇಲೆ ತೆಳ್ಳಗೆ ಐಸ್ ಹೊದಿಸಿರ್ತಾರೆ, ಅದಕ್ಕೆ ಐಸ್ ಬಿಟ್ಟು ತೂಕ ಎಷ್ಟು ಅಂತ ಹಿಂದೆ ಓದಿ ತಗೊಳಿ. ಕರಗ್ಸೋಕೆ ರಾತ್ರಿನೇ ಫ್ರಿಜ್ಜಿನ ಕೆಳಗಿಡಿ, ಮರೆತ್ರೆ ಕವರಲ್ಲಿ ಗಟ್ಟಿಯಾಗಿ ಕಟ್ಟಿ ತಣ್ಣೀರಲ್ಲಿ ಅರ್ಧ ಗಂಟೆ. ಬಿಸಿನೀರಿಗೆ ಹಾಕಿದ್ರೆ ಹೊರಗೆ ಬೆಂದು ಒಳಗೆ ಐಸ್ ಹಾಗೇ ಇರತ್ತೆ. ನಿಂಬೆ ರಸ ಹಾಕಿ ಎರಡು ಗಂಟೆ ನೆನೆಸೋ ಚಟ ಇದೆ ಕೆಲವರಿಗೆ, ಹುಳಿಗೆ ಸೀಗಡಿ ಒಲೆ ಇಲ್ದೇನೇ ಬೆಳ್ಳಗಾಗಿ ಬಿಗಿ ಆಗತ್ತೆ, ಹಾಗಂತ ಅದ್ರಲ್ಲಿರೋ ಕ್ರಿಮಿ ಸಾಯಲ್ಲ, ಎರಡೂ ಕಡೆ ನಷ್ಟ. ಹದಿನೈದು ನಿಮಿಷ ಸಾಕು. ಅದರ ಬದ್ಲು ಅರ್ಧ ಕೆಜಿಗೆ ಕಾಲು ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು ಸವರಿ ಹದಿನೈದು ನಿಮಿಷ ಇಟ್ಟು ತೊಳೆದು ಮಾಡಿ ನೋಡಿ, ನೀರು ಒಳಗೇ ನಿಲ್ಲತ್ತೆ, ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೂ ಕ್ಷಮಿಸತ್ತೆ. ಅಮೋನಿಯಾ ವಾಸನೆ ಬಂದ್ರೆ ಮಾತ್ರ ಯಾವ ಸೋಡಾನೂ ಬೇಡ, ಬಿಸಾಕಿ.

ಇಷ್ಟೆಲ್ಲ ಬರೆದ ಮೇಲೆ ನಿಮ್ಮ ಹತ್ರ ಕೇಳೋದು ಇದು. ರೆಸಿಪಿ ಹಾಕೋವಾಗ ಸೀಗಡಿ ಯಾವ ಸೈಜು, ಸಿಪ್ಪೆ ಇದ್ದಿದ್ದಾ ಸುಲಿದಿದ್ದಾ, ಉರಿ ಎಷ್ಟು, ನಿಮಿಷದ ಲೆಕ್ಕ ಸೀಗಡಿ ಹಾಕಿದ ಮೇಲಿಂದಾ ಅಥವಾ ಮಸಾಲೆ ಇಟ್ಟಾಗಿಂದಾ, ಇಷ್ಟು ಹಾಕಿ. ಮಸಾಲೆಗೆ ಎಷ್ಟು ಗ್ರಾಂ ಗಸಗಸೆ ಅಂತ ಬರೀತೀರ, ಇದನ್ನ ಬಿಟ್ಟುಬಿಡ್ತೀರ. "ಚೆನ್ನಾಗಿ ಬೇಯುವವರೆಗೆ" ಅನ್ನೋ ಮಾತಂತೂ ತೆಗೆದೇ ಬಿಡಿ, ನಮ್ಮ ಜಿಲ್ಲೇಲಿ ಅದರ ಅರ್ಥ ಕುಕ್ಕರ್ ವಿಷಲ್. ಜೊತೆಗೆ ಒಂದು ಸಾಲು, ಸೀಗಡಿ ಏಡಿ ತಿಂದ್ರೆ ಮೈ ದದ್ದು ಬರೋರು ತುಟಿ ಊದೋರು ಇದ್ದಾರೆ, ಚೆನ್ನಾಗಿ ಬೇಯಿಸಿದ್ರೆ ಅದು ಹೋಗತ್ತೆ ಅಂತ ಜನ ತಿಳ್ಕೊಂಡಿದ್ದಾರೆ, ಹೋಗಲ್ಲ, ಆ ತೊಂದ್ರೆ ಕೊಡೋ ಪ್ರೋಟೀನ್ ಬಿಸಿಗೂ ಜಗ್ಗಲ್ಲ. ಅಂಥವರು ಸಿಪ್ಪೆ ಬೇಯಿಸಿದ ನೀರಿನ ಸಾರೂ ಮುಟ್ಬಾರ್ದು.

ಫೋಟೋ ಕೆಳಗೆ ಹೆಸರು ಅದಲುಬದಲಾದ್ರೆ ಮಾರನೇ ದಿನ ತಿದ್ದುಪಡಿ ಹಾಕ್ತೀರಲ್ಲ, ಹಾಗೇ ಇದಕ್ಕೂ ಒಂದು ತಿದ್ದುಪಡಿ ಹಾಕಿ, 20 ಅಲ್ಲ 3 ಅಂತ. ಆದಷ್ಟು ಶನಿವಾರದೊಳಗೆ. ಲಾರಿ ಹುಡುಗ ಗುರುವಾರ ಲೋಡ್ ಹೊಡೀತಾನಂತೆ, ಅತ್ತೆ ಆಗ್ಲೇ ಒಂದು ಕೆಜಿ ರೊಯ್ಯಲು ಹೇಳಿದ್ದಾರೆ, ಎದುರು ಮನೆಯವರೂ ಹೇಳಿದ್ದಾರೆ, ಅವರು ನಿಮ್ಮ ಆ ರೆಸಿಪಿ ಕತ್ತರಿಸಿ ಫ್ರಿಜ್ಜಿಗೆ ಅಂಟಿಸ್ಕೊಂಡಿದ್ದಾರೆ. ನಾನು ಹೇಳಿದ್ರೆ ಕೇಳಲ್ಲ, ಪೇಪರಲ್ಲಿ ಬಂದಿದೆಯಲ್ಲ ಅಂತಾರೆ.

ಇಂತಿ,
ನಿಮ್ಮ ಹಳೇ ಓದುಗಿ, ಕೋಲಾರ